ತಳ್ಳುವವರಿಗೆ ಇನ್ನು ಕೆಲಸವಿಲ್ಲ

ಮನೆಯಿಂದ,
ಭಾನುವಾರ, ಜೂನ್ 30

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಬಿಸಿ ಎಣ್ಣೆ ಸಿಡಿದ ಮುಂಗೈ ವಾಸಿಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಬೆನ್ನು ಮತ್ತೆ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ನಾನು ಹೊಲಿದುಕೊಟ್ಟ ಸೊಂಟಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಅದನ್ನು ಪೆಟ್ಟಿಗೆಯ ತಳದಲ್ಲಿ ಬೆಚ್ಚಗೆ ಮಲಗಿಸಿದ್ದೀರೋ? ನಾನು ಚೆನ್ನಾಗಿದ್ದೇನೆ. ಉಗುರಿನ ಸಂದಿಯ ಕಪ್ಪು ಎಣ್ಣೆ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ ಎನ್ನುವುದೊಂದು ಬಿಟ್ಟರೆ ಬೇರೆ ದೂರಿಲ್ಲ. ಮಾವನೂ ಚೆನ್ನಾಗಿದ್ದಾರೆ. ಎಷ್ಟು ಚೆನ್ನಾಗಿದ್ದಾರೆ ಎಂದು ಹೇಳಲಿಕ್ಕೇ ಈ ಕಾಗದ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾರು ಗುಡ್ಡ ಹತ್ತಿತು! ಯಾರೂ ತಳ್ಳದೆ, ತುದಿಯಲ್ಲಿರುವ ನೀರಿನ ಟ್ಯಾಂಕಿನವರೆಗೆ, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಓಡಿಸಿದ್ದು ನಾನು. ಈಗ ಏರಿಸಿದ ಹುಬ್ಬು ಇಳಿಸಿ, ಮೊದಲಿನಿಂದ ಕೇಳಿ.

ನೀವು ಹೊರಡುವ ಹಿಂದಿನ ದಿನ ಕಾರಿನ ಗಾಜಿಗೆ "ಮಾರಾಟಕ್ಕಿದೆ" ಎಂಬ ರಟ್ಟಿನ ಬೋರ್ಡು ಆನಿಸಿಟ್ಟಿರಿ. ಕೆಟ್ಟ ಮನಸ್ಸಿನಿಂದಲ್ಲ, ನನಗೆ ಗೊತ್ತು. ಕೈ ನಡುಗಲು ಶುರುವಾದ ಮೇಲೆ ಮಾವ ಓಡಿಸುವಂತಿಲ್ಲ; ಶೆಡ್ಡಿಗೆ ಹೋಗಿ ಅದರ ಮುಖ ನೋಡುತ್ತಾ ಕೊರಗುವುದಕ್ಕಿಂತ, ಕಣ್ಣೆದುರಿನಿಂದ ಹೋದರೆ ಮರೆತಾರು ಎಂದುಕೊಂಡಿರಿ. ನೀವು ಹೋದ ವಾರದಲ್ಲೇ ಬೋರ್ಡು ನೋಡಿಕೊಂಡು ಒಬ್ಬರು ಬಂದರು. ಹಳೆಯ ಕಾರುಗಳನ್ನು ದೊಡ್ಡ ಹಾಲಿನಲ್ಲಿ ಪ್ರದರ್ಶನಕ್ಕೆ ಇಡುವವರಂತೆ. ಸುತ್ತ ಎರಡು ಸಲ ತಿರುಗಿ, ಬಾಗಿಲು ತಟ್ಟಿ, "ಎಂಜಿನ್ ತೆಗೆದು ಗುಜರಿಗೆ ಹಾಕಿಬಿಡ್ತೀನಿ. ಇಲ್ದಿದ್ರೆ ನಮ್ಮ ಹಾಲಿನ ನೆಲದ ಮೇಲೆಲ್ಲ ಎಣ್ಣೆ ಸೋರುತ್ತೆ" ಅಂದರು. ಜೂನ್ ಕೊನೆಯ ಶನಿವಾರ ಲಾರಿ ತರುತ್ತೇನೆ ಎಂದೂ ಹೇಳಿ ಹೋದರು. ಮಾವ ಎಲ್ಲದಕ್ಕೂ ತಲೆಯಾಡಿಸಿದರು. ಅವತ್ತು ತಟ್ಟೆ ಮುಂದೆ ಕೂತವರು "ಹಸಿವಿಲ್ಲಮ್ಮ" ಎಂದು ಎದ್ದುಹೋದರು. ಮರುದಿನವೂ ಅದೇ.

ಮೂರನೆಯ ದಿನ ಶೆಡ್ಡಿಗೆ ಹೋಗಿ ನೇರವಾಗಿ ಕೇಳಿದೆ, ಈ ಕಾರಿನಿಂದ ನಿಮಗೆ ಏನು ಬೇಕಿತ್ತು ಎಂದು. "ಗುಡ್ಡದ ಆ ಕೊನೇ ತಿರುವನ್ನ ಒಂದ್ಸಲ ತಾನಾಗೇ ಹತ್ತಬೇಕಿತ್ತು" ಅಂದರು. ನೀವು ನಗಬೇಡಿ. ನೋಡಲು ರಾಜಕುಮಾರನಂತಿದ್ದ, ಮೇಲೆ ಸೂರಿಲ್ಲದ ಈ ಕಾರಿಗೆ ಉಸಿರು ಮಾತ್ರ ಮೊದಲಿನಿಂದಲೂ ಕಡಿಮೆ. ಕೊಂಡ ವರ್ಷದಿಂದಲೂ ಆ ತಿರುವಿನಲ್ಲಿ ಏದುಸಿರು ಬಿಟ್ಟು ನಿಲ್ಲುವುದು, ಅಲ್ಲಿಯ ಮನೆಯವರು ಬಂದು ತಳ್ಳುವುದು. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರನ್ನು ಸುತ್ತಾಡಿಕೊಂಡು ಬನ್ನಿ ಎಂದು ಕಳಿಸಿದಾಗ ನಾನೇ ಇಳಿದು ತಳ್ಳಲಿಲ್ಲವೇ? ನೀವು ಸ್ಟೇರಿಂಗ್ ಹಿಡಿದುಕೊಂಡು "ಇನ್ನೂ ಸ್ವಲ್ಪ ಜೋರಾಗಿ" ಎನ್ನುತ್ತಿದ್ದಿರಿ. ನನ್ನ ಚಪ್ಪಲಿ ಕಿತ್ತುಹೋಗಿತ್ತು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ನಾನೇ ಎಂಜಿನ್ ಬಿಚ್ಚುತ್ತೇನೆ, ನೀವು ಹೇಳಿಕೊಡಿ ಅಂದೆ. "ಇದು ಹೊಲಿಗೆ ಮಿಷನ್ ಅಲ್ಲಮ್ಮ" ಅಂದರು. ಎರಡಕ್ಕೂ ಎಣ್ಣೆ ಹಾಕಬೇಕು, ಎರಡೂ ಸಿಟ್ಟು ಬಂದರೆ ಕಟಕಟ ಅನ್ನುತ್ತವೆ, ಬೇರೇನು ವ್ಯತ್ಯಾಸ ಎಂದು ಕೇಳಿದೆ. ನಕ್ಕುಬಿಟ್ಟರು. ನಕ್ಕಿದ್ದೇ ಒಪ್ಪಿಗೆ ಎಂದುಕೊಂಡು ಪಾನಾ ಹಿಡಿದೆ. ಅವರು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. "ಗಾಳಿ ಧಾರಾಳವಾಗಿ ಒಳಗೆ ಹೋಗಬೇಕು, ಒಳಗೆ ಗಟ್ಟಿಯಾಗಿ ಒತ್ತಬೇಕು, ಹೊಗೆ ಬೇಗ ಹೊರಗೆ ಬರಬೇಕು. ಶಕ್ತಿ ಅಂದ್ರೆ ಅಷ್ಟೇ" ಎನ್ನುವುದು ಅವರ ಪಾಠ. ಹೊಸ ಸಾಮಾನು ಕೊಳ್ಳುವ ಮಾತೇ ಇರಲಿಲ್ಲ. ಹಿಂದಿನ ಬೀದಿಯ ಲೇತ್ ಅಂಗಡಿಯವರು ಎಂಜಿನ್ನಿನ ಹೆಡ್ಡಿನ ತಳವನ್ನು ತೆಳ್ಳಗೆ ತುರಿದುಕೊಟ್ಟರು, ಒಳಗಿನ ಒತ್ತಡ ಹೆಚ್ಚಲಿ ಎಂದು. ಕೂಲಿಗೆ ಬದಲು ಅವರ ಇಡೀ ಮನೆಗೆ ಅಂಗಿ ಹೊಲಿದುಕೊಡುವ ಒಪ್ಪಂದ. ಆ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಮೊದಲೇ ಕೇಳದಿದ್ದುದು ನನ್ನ ಪೆದ್ದುತನ. ಗುಜರಿ ಅಂಗಡಿಯಲ್ಲಿ ಜಜ್ಜಿಹೋದ ಕಾರೊಂದರಿಂದ ಜೋಡಿ ಕಾರ್ಬುರೇಟರ್ ಸಿಕ್ಕವು. ಇದ್ದದ್ದು ಒಂದೇ, ಈಗ ಎರಡು ಮೂಗಿನಿಂದ ಉಸಿರಾಡಲಿ ಎಂದರು ಮಾವ. ವಾಲ್ವುಗಳನ್ನು ಅಂಗೈ ನಡುವೆ ಹೊಸೆದು ಹೊಸೆದು ಕೂರಿಸಿದೆ. ಪಿಸ್ಟನ್ನಿಗೆ ಹೊಸ ರಿಂಗು ಹಾಕಿದ್ದೊಂದೇ ದುಂದುಗಾರಿಕೆ. ಗಾಳಿ ಹೋಗುವ ದಾರಿಗಳನ್ನು ಅರದಿಂದ ಅಗಲಿಸಿ, ಮರಳು ಕಾಗದದಿಂದ ಉಜ್ಜಿದೆ. ಎಲ್ಲಿ ತರಿ ಉಳಿದಿದೆ ಎಂದು ಬೆರಳಿಟ್ಟರೆ ನನಗೆ ತಿಳಿಯುತ್ತದೆ, ಬಟ್ಟೆಯಲ್ಲಿ ಎದ್ದ ಎಳೆ ಸಿಕ್ಕ ಹಾಗೆ. ಮಾವ ಟಾರ್ಚು ಹಿಡಿದು ನೋಡಿ, "ನನ್ನ ಕೈ ಸರಿಯಿದ್ದಾಗಲೂ ಇಷ್ಟು ನುಣ್ಣಗೆ ಮಾಡ್ತಿರಲಿಲ್ಲ" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೋದ ಬುಧವಾರ ಕಾರೇ ನನ್ನನ್ನು ನೆಲಕ್ಕೆ ಇಳಿಸಿತು. ಎಲ್ಲ ಜೋಡಿಸಿ, ಬೆಳಿಗ್ಗೆಯೇ ಹೊರಟೆವು. ಏನು ಹೇಳಲಿ, ಮೊದಲು ಕೊನೆಯ ತಿರುವಿನಲ್ಲಿ ನಿಲ್ಲುತ್ತಿದ್ದ ಕಾರು ಈ ಸಲ ಅರ್ಧ ಗುಡ್ಡದಲ್ಲೇ ಕೆಮ್ಮಿ ನಿಂತಿತು! ಇಷ್ಟೆಲ್ಲ ಮಾಡಿ ಇದ್ದ ಶಕ್ತಿಯನ್ನೂ ಕಳೆದಿದ್ದೆ. ಹಿಂದಕ್ಕೆ ಜಾರಿಸಿಕೊಂಡು ಮನೆಗೆ ತಂದೆವು. ಮಾವ ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಮ್ಮ, ಶನಿವಾರ ಅವರು ತಗೊಂಡು ಹೋಗ್ಲಿ" ಎಂದು ಮೆಲ್ಲಗೆ ಹೇಳಿ ಶೆಡ್ಡಿನ ಬಾಗಿಲು ಎಳೆದರು. ನಾನು ಮಿಷನ್ನಿನ ಮುಂದೆ ಕೂತು ಅತ್ತೆ. ಅತ್ತೆನೆಂದರೆ ಸುಮ್ಮನೆ ಕಣ್ಣೊರೆಸಿಕೊಳ್ಳುವುದಲ್ಲ, ಮೂಗು ಸೀಟಿಕೊಂಡು ಅತ್ತೆ.

ಅಳುತ್ತಾ ಕೂತರೆ ಲೇತ್ ಅಂಗಡಿಯವರ ಅಂಗಿ ಯಾರು ಹೊಲಿಯುತ್ತಾರೆ? ಮಾರನೆಯ ದಿನ ಬಟ್ಟೆ ಹರಡಿ, ಕುತ್ತಿಗೆಯ ಅಳತೆ ಹಿಡಿದು ಗೆರೆ ಎಳೆದೆ. ಕತ್ತರಿ ಮಾತ್ರ ತನ್ನಷ್ಟಕ್ಕೆ ಗೆರೆಗಿಂತ ಒಳಗೆ ಹೋಯಿತು. ಹೊಲಿಗೆಗೆ ಅಂಚು ಬಿಡಬೇಕಲ್ಲ, ಕುತ್ತಿಗೆಯ ತೂತನ್ನು ಮೊದಲು ಸಣ್ಣದಾಗಿಯೇ ಕತ್ತರಿಸುವುದು. ಇಷ್ಟು ವರ್ಷದ ಅಭ್ಯಾಸ, ಕೈ ನನ್ನನ್ನು ಕೇಳುವುದೇ ಇಲ್ಲ. ಅಲ್ಲೇ ಕತ್ತರಿ ಬಿಟ್ಟು ಹಣೆ ಚಚ್ಚಿಕೊಂಡೆ. ಕಾರ್ಬುರೇಟರಿನ ಕೊಳವೆಗೂ ಎಂಜಿನ್ನಿಗೂ ನಡುವೆ ಗಾಳಿ ಸೋರದಂತೆ ಕೂರುವ ಗ್ಯಾಸ್ಕೆಟ್ಟನ್ನು ಕತ್ತರಿಸಿದ್ದೂ ಇದೇ ಕೈ! ದಿನಗಟ್ಟಲೆ ಅರ ಹಾಕಿ ಅಗಲಿಸಿದ ದಾರಿಯ ಬಾಯಿಗೆ, ಹೊಲಿಗೆಯ ಅಂಚು ಬಿಟ್ಟು, ಕಿರಿದಾದ ಕುತ್ತಿಗೆ ಕೂರಿಸಿದ್ದೆ. ಉಸಿರು ಕಟ್ಟದೆ ಇನ್ನೇನಾದೀತು ಪಾಪ!

ಓಡಿಹೋಗಿ ಮಾವನಿಗೆ ಹೇಳಿದರೆ ಅವರು ಕೆಮ್ಮು ಬರುವಷ್ಟು ನಕ್ಕರು. ಬಿಚ್ಚಿ ತೆಗೆಯುವಾಗ ಆ ಗ್ಯಾಸ್ಕೆಟ್ ಹರಿದುಹೋಯಿತು. ಗ್ಯಾಸ್ಕೆಟ್ ಹಾಳೆ ಮುಗಿದಿತ್ತು, ಅದನ್ನು ಮಾರುವ ಅಂಗಡಿಯವರು ಬಾಗಿಲು ಹಾಕಿಕೊಂಡು ಯಾವುದೋ ಮದುವೆಗೆ ಹೋಗಿದ್ದರು. ಕೊನೆಗೆ ಕೈಗೆ ಸಿಕ್ಕ ಒಂದು ಗಟ್ಟಿ ರಟ್ಟಿನಲ್ಲೇ ಕತ್ತರಿಸಿದೆ. ಈ ಸಲ ಗೆರೆಯ ಮೇಲೇ, ಮಾವ ಪಕ್ಕದಲ್ಲಿ ನಿಂತು "ಅಂಚು ಬೇಡ, ಅಂಚು ಬೇಡ" ಎಂದು ಜಪ ಮಾಡುತ್ತಿದ್ದಂತೆ.

ನಿನ್ನೆ ಶನಿವಾರ. ಪ್ರದರ್ಶನದವರು ಹೇಳಿದಂತೆ ಲಾರಿ ತಂದರು. ಗಾಜಿನ ಕಡೆ ನೋಡಿ "ಬೋರ್ಡೆಲ್ಲಿ?" ಎಂದು ಕೇಳಿದರು. ಒಳಗಿಟ್ಟಿದ್ದೇನೆ, ಒಂದು ಸುತ್ತು ಹೋಗಿಬರುತ್ತೇವೆ, ಕೂತಿರಿ ಅಂದೆ. ಕೀಲಿ ತಿರುಗಿಸಿದೆ. ಅಯ್ಯೋ, ಆ ಸದ್ದು! ಶೆಡ್ಡಿನ ತಗಡೆಲ್ಲ ನಡುಗಿತು. ಬುಧವಾರ ನಿಂತ ಜಾಗ ಯಾವಾಗ ಹಿಂದೆ ಹೋಯಿತೋ ಗೊತ್ತಾಗಲಿಲ್ಲ. ಕೊನೆಯ ತಿರುವಿನಲ್ಲಿ ನಮ್ಮ ಸದ್ದು ಕೇಳಿದ್ದೇ ಆ ಮನೆಯವರು ಅಭ್ಯಾಸದಂತೆ ತೋಳೇರಿಸಿಕೊಂಡು ತಳ್ಳಲು ಹೊರಗೆ ಬಂದರು, ಅಜ್ಜ, ಸೊಸೆ, ಎಲ್ಲರೂ. ನಾನು ಎರಡನೇ ಗೇರಿಗೆ ಹಾಕಿ ಒತ್ತಿದೆ. ಅವರು ಚಾಚಿದ ಕೈಗೆ ಬರೀ ಗಾಳಿ ಸಿಕ್ಕಿತು! ಮಾವ ಎದ್ದು ನಿಂತೇಬಿಟ್ಟರು, ಒಂದು ಕೈ ಮುಂದಿನ ಗಾಜಿನ ಮೇಲೆ, ಇನ್ನೊಂದು ಕೈ ಬೀಸುತ್ತಾ, "ಬೇಡ್ರೋ, ಇವತ್ತು ಬೇಡ!" ಎಂದು ಕೂಗುತ್ತಾ. ಟ್ಯಾಂಕಿನ ಹತ್ತಿರ ನಿಲ್ಲಿಸಿದಾಗ ಅವರ ಮುಖವೆಲ್ಲ ಒದ್ದೆ. ನನ್ನ ತಲೆಯ ಮೇಲೆ ಕೈಯಿಟ್ಟರು. ಆ ನಡುಗುವ ಕೈ ಅಷ್ಟು ಹಗುರವಾಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ." ಗುಡ್ಡ ಇಳಿದು ಮತ್ತೆ ಹತ್ತಿದೆವು. ಮನೆಗೆ ಬರುವಷ್ಟರಲ್ಲಿ ಕಾದು ಬೇಸತ್ತ ಲಾರಿ ಹೊರಟುಹೋಗಿತ್ತು. ಮಾವ ಎರಡು ಸಲ ಬಡಿಸಿಕೊಂಡು ಉಂಡರು.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮಾವನ ಆಶೀರ್ವಾದಗಳು ಇದರೊಂದಿಗಿವೆ, ಪೆಟ್ರೋಲಿನ ವಾಸನೆಯ ಸಮೇತ. ಸೊಂಟಪಟ್ಟಿ ಕಟ್ಟಿಕೊಳ್ಳಿ.

ನಿಮ್ಮ,
ಎಣ್ಣೆ ಕೈಯ ದರ್ಜಿ

ಮರೆತಿದ್ದೆ: ಆ ಗಟ್ಟಿ ರಟ್ಟು ಯಾವುದೆಂದರೆ, ನಿಮ್ಮ ಬೋರ್ಡೇ. ಒಳಗಿಟ್ಟಿದ್ದೇನೆ ಎಂದು ನಾನು ಅವರಿಗೆ ಸುಳ್ಳು ಹೇಳಲಿಲ್ಲ. ನಿಮ್ಮ ಮುದ್ದಾದ ಅಕ್ಷರಗಳು ಈಗ ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವೆ ಹನ್ನೆರಡು ಬೋಲ್ಟುಗಳ ಕೆಳಗೆ ಭದ್ರವಾಗಿವೆ. ಕಾರು ಮಾರಲೇಬೇಕೆಂದು ಇನ್ನೂ ನಿಮ್ಮ ಮನಸ್ಸಿನಲ್ಲಿದ್ದರೆ ಬಂದು ಬಿಚ್ಚಿಕೊಳ್ಳಿ. ಇಲ್ಲವಾದರೆ ಬರುವಾಗ ಒಳ್ಳೆಯ ಗ್ಯಾಸ್ಕೆಟ್ ಹಾಳೆ ತನ್ನಿ, ರಟ್ಟು ಬಹಳ ದಿನ ತಡೆಯುವುದಿಲ್ಲವಂತೆ. ಮಾವ ಹೇಳುತ್ತಿದ್ದಾರೆ, ಹಾಳೆಯನ್ನೇ ತರಬೇಕಂತೆ.