ನಿಮ್ಮಣ್ಣನ ಇಂಗ್ಲಿಷ್ ಹಂಬಲ

ಮಿಶ್ರಿಕೋಟಿ
೧೪-೮-೨೦೨೫, ಗುರುವಾರ

ನನ್ನ ಐಶ್ವರ್ಯಾ,

ನಿನ್ನ ವೈನಿಯ ಮುದ್ದು. ಸಂತೆಯಿಂದ ಸಂತೆಗೆ ತಿರುಗುವ ಬಳೆಗಾರ್ತಿ ಫಾತಿಮಾಬಿ ಈ ಕಾಗದವನ್ನು ಬಳೆಗಳ ಗಂಟಿನಲ್ಲಿ ಅಡಗಿಸಿ ತರುತ್ತಾಳೆ. ನಿನ್ನ ಫೋನನ್ನು ನಿಮ್ಮಣ್ಣ ದಿನಾ ತೆಗೆದು ನೋಡುತ್ತಾನಲ್ಲ. ಓದಿದ ಕೂಡಲೇ ಇದನ್ನು ಒಲೆಗೆ ಹಾಕು.

ನಾನು ತವರಿಗೆ ಓಡಿ ಬಂದಾಗಿನಿಂದ ನಿಮ್ಮಣ್ಣ, ನನ್ನ ಗಂಡನೆನಿಸಿಕೊಂಡ ಕಾಶಿನಾಥನ ಮೆಸೇಜುಗಳು ಬರುತ್ತಲೇ ಇವೆ. ‘ಐ ಲಾಂಗ್ ಫಾರ್ ಯು.’ ‘ಮೈ ಹಾರ್ಟ್ ಏಕ್ಸ್ ಫಾರ್ ಯು.’ ನನ್ನ ಬೆನ್ನ ಮೇಲೆ ಬಾರಕೋಲು ಆಡಿಸಿ ಎಡಗೈ ಮುರಿದವನಿಗೆ ಇದ್ದಕ್ಕಿದ್ದಂತೆ ಎಂಥ ಇಂಗ್ಲಿಷು ಬಂತು ನೋಡು. ನನ್ನಪ್ಪ ಅವನ್ನು ಪುಂಡಲೀಕ ಮಾಸ್ತರರಿಂದ ಓದಿಸಿ, ಅರ್ಥ ಹೇಳಿಸಿಕೊಂಡು ಕರಗಿ ನೀರಾದರು. ‘ಇಂಗ್ಲಿಷ್‌ನ್ಯಾಗ ಇಷ್ಟ ಹಂಬಲಸ್ಯಾನಂದ್ರ ಸುಧಾರ್ಸ್ಯಾನವಾ’ ಎಂದರು. ಕನ್ನಡದಲ್ಲಿ ಬರೆದಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಮ್ಮ ಹಿರಿಯರಿಗೆ ಇಂಗ್ಲಿಷೆಂದರೆ ಬಾಂಡ್ ಪೇಪರಿನ ಮೇಲಿನ ಮಾತು.

ಬರೆದವಳು ನೀನೆಂದು ನನಗೆ ಗೊತ್ತಾಗದೇ? ರೊಟ್ಟಿ ಬಡಿಯುತ್ತ, ಹಂಬಲವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು, ಎಲ್ಲಿ ಫಾರ್ ಹಾಕಬೇಕು, ಎಲ್ಲಿ ಬಿಡಬೇಕು ಎಂದು ಕಲಿಸಿದವಳೇ ನಾನು. ಒಂದು ತಪ್ಪೂ ಮಾಡಿಲ್ಲ, ಶಾಬಾಸ್. ಮೊದಲು ನಿನ್ನ ಜಡೆ ಹಿಡಿದು ನಾಲ್ಕು ಬಾರಿಸಬೇಕು ಎನ್ನಿಸಿತು. ಆಮೇಲೆ ಹೋದ ವಾರದ್ದು ಬಂತು: ‘ಐ ಆ್ಯಮ್ ಡೆಸ್ಪರೇಟ್ ಟು ಹಿಯರ್ ಯುವರ್ ವಾಯ್ಸ್ ಇನ್ ದ ಕಿಚನ್.’ ಅಡುಗೆಮನೆಯಲ್ಲಿ ನನ್ನ ದನಿ ಕೇಳಲು ಹಾತೊರೆಯುತ್ತಿದ್ದಾನಂತೆ. ಆ ಗಂಡಸು ಅಡುಗೆಮನೆಗೆ ಕಾಲಿಟ್ಟಿದ್ದು ಒಲೆಯಿಂದ ಉರಿಯುವ ಕೊಳ್ಳಿ ಎತ್ತಿಕೊಳ್ಳಲು ಮಾತ್ರ. ಆ ಹಂಬಲ ಅವನದಲ್ಲ, ನಿನ್ನದು. ಓದಿ ತುಂಬಾ ಅತ್ತೆ.

ಅದಕ್ಕೇ ಫಾತಿಮಾಬಿಯನ್ನು ನಿಮ್ಮ ಮನೆಗೆ ಕಳಿಸಿದ್ದೆ. ‘ಬಳಿ ಏರವಲ್ಲವು ಯವ್ವಾ, ಮುಂಗೈ ಅಷ್ಟ ಬಾತೈತಿ. ಬರಿಯಾಕ ಒಲ್ಲೆ ಅಂದಿದ್ದಕ್ಕ ಹೊಡದಾನಂತ’ ಎಂದು ಬಂದು ಹೇಳಿದಳು. ನಿಮ್ಮವ್ವ ಗೌರಕ್ಕ ಬಾಜುವೇ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರಂತೆ. ನಾನು ತಪ್ಪಿಸಿಕೊಂಡು ಬಂದ ಏಟುಗಳೆಲ್ಲ ನಿನ್ನ ಮೈಮೇಲೆ ಬಿದ್ದಿವೆ. ಅವನ ಕೈ ಸೇದಿಹೋಗಲಿ.

ಬರುವ ಸೋಮವಾರ ಹಿರಿಯರು ನಮ್ಮ ಕಟ್ಟೆಯ ಮೇಲೆ ಕೂಡುತ್ತಾರೆ. ನನ್ನನ್ನು ಕರೆದೊಯ್ಯಲು ನಿಮ್ಮಣ್ಣ ಬರುತ್ತಾನೆ. ಅವನ ಜೀಪು ಊರು ದಾಟಿದೊಡನೆ ನೀನು ಹೊರಡು. ಬಟ್ಟೆಬರೆ ಬೇಡ, ಮಾರ್ಕ್ಸ್ ಕಾರ್ಡ್ ಮರೆಯಬೇಡ. ಫಾತಿಮಾಬಿ ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾಳೆ. ಅಳ್ನಾವರದಲ್ಲಿರುವ ನನ್ನ ಗೆಳತಿ ರೇಷ್ಮಾಳ ಮನೆ ಮುಟ್ಟಿಸುತ್ತಾಳೆ. ನೀನು ಬಂದೆ ಎಂದು ರೇಷ್ಮಾ ಫೋನು ಮಾಡುವವರೆಗೆ ನಾನು ತಲೆ ಬಗ್ಗಿಸಿ, ‘ಹೌದ್ರಿ, ಬರ್ತೇನ್ರಿ’ ಎನ್ನುತ್ತ ಎಲ್ಲರಿಗೂ ಚಹಾ ಕೊಡುತ್ತಿರುತ್ತೇನೆ. ಫೋನು ಬಂದ ಮೇಲೆ, ಬರುವುದಿಲ್ಲ ಎಂದು ಅವನ ಮುಖಕ್ಕೇ ಹೇಳುತ್ತೇನೆ. ಅವನು ಎಗರಿ ಬರುತ್ತಾನೆ, ಗೊತ್ತಿದೆ. ಬಾಗಿಲ ಹಿಂದೆ ಕುಡಗೋಲು ಮಸೆದಿಟ್ಟಿದ್ದೇನೆ.

ನಿನ್ನನ್ನು ನೋಡಲು ಜೀವ ಬಡಿದುಕೊಳ್ಳುತ್ತಿದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯಲಾರೆ.

ನಿನ್ನ ವೈನಿ,
ಮಹಾನಂದಾ

ತಾ.ಕ.: ನಾಳೆ ನಿಮ್ಮಣ್ಣನ ಫೋನಿಗೆ ನನ್ನದೊಂದು ಮೆಸೇಜು ಬರುತ್ತದೆ: ‘ಐ ಯರ್ನ್ ಫಾರ್ ಯು. ಕಮ್ ಆನ್ ಮಂಡೇ. ಬ್ರಿಂಗ್ ಯುವರ್ ಮದರ್ ಟೂ.’ ಅರ್ಥ ಹೇಳೆಂದು ನಿನ್ನ ಕೈಗೇ ಕೊಡುತ್ತಾನೆ. ನಾನು ಅವನಿಗಾಗಿ ಕೊರಗಿ ಕೊರಗಿ ಅರ್ಧವಾಗಿದ್ದೇನೆ, ಅವ್ವನನ್ನೂ ಕರೆತರಬೇಕಂತೆ ಎಂದು ಹೇಳು. ಹೇಳುವಾಗ ನಗು ಬಂದರೆ ತಡೆದುಕೋ. ನಿನ್ನ ತುಟಿಗೆ ಹಾಕಿದ ಹೊಲಿಗೆ ಇನ್ನೂ ಹಸಿ ಇದೆ ಎಂದಳು ಫಾತಿಮಾಬಿ.