ಮೂರು ಗಂಟಿನ ಮರ

ಗೂಡೆಣಿಕೆಯ ಬಿಡಾರ, ಮಧ್ಯ ಕಲಿಮಂತಾನ್
ಸೆಪ್ಟೆಂಬರ್ ೧೪, ಸಂಜೆ

ಸಲಾಮಾ ಚಿಕ್ಕಮ್ಮನ ಚಹಾದಂಗಡಿಯಲ್ಲಿ ನೆರೆದಿರುವ ಮಹಾಜನರೇ, ಬೆಂಚಿನವರೇ, ಜಾಗ ಸಿಗದೆ ದೋಣಿಕಟ್ಟೆಯ ಮೆಟ್ಟಿಲ ಮೇಲೆ ಕುಳಿತವರೇ, ಎಲ್ಲರಿಗೂ ಸಲಾಂ! ಗ್ಲಾಸು ಕೆಳಗಿಡಿ. ಆಸ್ಥಾನ ತುಂಬಿದೆ, ರಾಜ ಮಾತಾಡುತ್ತಾನೆ.

ತಮ್ಮಾ ರುಸ್ಮಾದಿ, ಕಾಗದ ನಿನಗೇ. ಆದರೆ ನಿನಗೆ ಅಕ್ಷರ ಬಾರದು. ನಿನ್ನ ಕಾಗದ ಬರೆಯುವವರೂ ಓದುವವರೂ ಚಿಕ್ಕಮ್ಮ, ಕೇಳುವುದು ಇಡೀ ಊರು. ಅದಕ್ಕೇ ಮೊದಲ ವಂದನೆ ಅವರಿಗೆ. ನೀನು ಇಲ್ಲಿಂದ ಹೋದಮೇಲೆ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಮೂರು ವಾರ ನನ್ನ ಕೈ ಪೆನ್ನು ಹಿಡಿಯುವ ಹಾಗಿರಲಿಲ್ಲ. ಕತ್ತಿ ಹಿಡಿಯುವ ಹಾಗಿತ್ತು. ಯಾರ ಕೊರಳಿಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ಈ ವರ್ಷ ಬೆಂಕಿ ಬಿದ್ದಿಲ್ಲ. ಮರದ ವ್ಯಾಪಾರಿಗಳು ಇಪ್ಪತ್ತು ವರ್ಷದ ಹಿಂದೆ ಬೋಳಿಸಿ ಬಿಟ್ಟುಹೋದ ಕಾಡು ಇದು, ನೀನೇ ನೋಡಿದೆಯಲ್ಲ. "ಸತ್ತ ಕಾಡು ಕಣ್ರೀ, ತಾಳೆ ನೆಟ್ಟು ಎಣ್ಣೆ ತೆಗೀರಿ" ಎಂದು ಪಟ್ಟಣದವರು ಹೇಳುತ್ತಲೇ ಇದ್ದಾರೆ. ಆದರೆ ಒರಾಂಗುಟಾನ್‌ಗಳು ಹಾಗೆನ್ನಲಿಲ್ಲ. ತೋಳಿನ ದಪ್ಪದ ಮೂರು ಮರ ಬಗ್ಗಿಸಿ ಒಂದು ಗೂಡು ಹೆಣೆದು ಇಲ್ಲೇ ಉಳಿದವು. ಆ ಗೂಡುಗಳನ್ನು ನಾನು ಎಣಿಸುತ್ತೇನೆ. ಹೊಸ ಗೂಡು ಸಿಗುವಷ್ಟು ಕಾಲ ಕಾಡಿಗೆ ಗರಗಸ ಬರುವುದಿಲ್ಲ.

ಆಗಸ್ಟ್‌ನಲ್ಲಿ ನೀನು ಬಂದು ಒಂಬತ್ತು ದಿನ ಇದ್ದೆ. ನನ್ನ ತಟ್ಟೆಯ ಒಣಮೀನು ಕಿತ್ತುಕೊಂಡು ತಿಂದೆ. ನಮ್ಮಿಬ್ಬರನ್ನು ಅಣ್ಣತಮ್ಮರ ಹಾಗೆ ಮಾಡಿದ ನಮ್ಮೂರ ಮಾಮಂದಾ ನಾಟಕದಲ್ಲಿ ಮೂವತ್ತು ವರ್ಷ ನಾನು ರಾಜ, ನೀನು ಕಳ್ಳರ ನಾಯಕ. ಹಳೆಯ ಮಾತುಗಳನ್ನೆಲ್ಲ ಆಡಿ ಕಾಡು ನಡುಗಿಸಿದೆವು. ಗೂಡಿನ ಮರಗಳಿಗೆ ನಾನು ಕಟ್ಟಿದ್ದ ಕೆಂಪು ಪಟ್ಟಿ ನೋಡಿ, "ಏನಣ್ಣಾ, ಮರಕ್ಕೆ ಮದುವೆಯಾ?" ಎಂದು ನಕ್ಕೆ. ಒಂದು ಗಂಟು ಎಂದರೆ ಹಳೆಯ ಗೂಡು. ಎರಡು, ಹೊಸದು. ಮೂರು ಗಂಟು ಎಂದರೆ ಮರಿಯಿರುವ ತಾಯಿ. ಬೇಟೆಗಾರರಿಗೆ ತಿಳಿಯಬಾರದೆಂದು ನಾನೇ ಮಾಡಿಕೊಂಡ ಗುಟ್ಟು. ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬ ನಾನು.

ನೀನು ಹೋದ ಆರನೆಯ ದಿನ ಮೂರು ಗಂಟಿನ ಮರದ ಕೆಳಗೆ ಆ ತಾಯಿ, ನಾನು ಗಾಲುಹ್ ಎಂದು ಕರೆಯುತ್ತಿದ್ದವಳು, ಸತ್ತು ಬಿದ್ದಿದ್ದಳು. ಮೈಯೊಳಗೆ ಹದಿನೇಳು ಗುಂಡು. ಎಡಗೈ ಎದೆಗೆ ಮಡಿಚಿಯೇ ಇತ್ತು. ಆ ಮಡಿಕೆಯಲ್ಲಿ ಮರಿ ಇರಲಿಲ್ಲ. ಉಳಿದ ಪಟ್ಟಿಗಳ ಕೆಳಗೆ ಒಂದು ಜರಿಗಿಡವೂ ಬಾಗಿರಲಿಲ್ಲ. ಬಂದವನು ನೆಟ್ಟಗೆ ಅವಳ ಬಳಿಗೇ ಬಂದಿದ್ದ.

ಆಗಲೂ ನಿನ್ನ ಹೆಸರನ್ನು ನಾಲಿಗೆಗೆ ತಂದುಕೊಳ್ಳಲಿಲ್ಲ. ಮೊನ್ನೆ ನಿನ್ನ ಕಾಗದ ಬಂತು: "ಅಣ್ಣಾ, ಆರೋಗ್ಯವೇ? ಕಾಡು ಹೇಗಿದೆ?" ಅಂಚಿನಲ್ಲಿ ಚಿಕ್ಕಮ್ಮ ತಮ್ಮದೊಂದು ತಮಾಷೆ ಸೇರಿಸಿದ್ದರು: "ಏನಪ್ಪಾ ಜುಂಬೇರಿ, ನಿನ್ ಗೆಳೆಯ ಅರವತ್ತಕ್ಕೆ ಮತ್ತೆ ಅಪ್ಪ ಆದ್ನಾ? ವಾರ ವಾರ ಮಗೂ ಹಾಲಿನಪುಡಿ ಡಬ್ಬ ಹೊತ್ಕೊಂಡ್ ಹೋಗ್ತಾನೆ. ಕೇಳಿದ್ರೆ ಬೆಕ್ಕಿಗೆ ಅಂತಾನೆ!"

ಎಲೈ ಕಳ್ಳರ ನಾಯಕನೇ! ನಿನ್ನ ಬೆಕ್ಕಿಗೆ ಕೆಂಪು ಕೂದಲುಂಟೋ? ತಾಯಿಯ ಎದೆ ಹುಡುಕುವ ಉದ್ದ ಬೆರಳುಂಟೋ?

ಚಿಕ್ಕಮ್ಮಾ, ನಿಲ್ಲಿಸಬೇಡಿ. "ಅಣ್ಣನ ನಾಟಕ ಶುರುವಾಯ್ತು, ಮುಂದಿಂದು ಬಿಡಿ ಚಿಕ್ಕಮ್ಮಾ" ಅನ್ನುತ್ತಾನೆ ರುಸ್ಮಾದಿ. ಬಿಡಬೇಡಿ. ಬಾಗಿಲ ಬಳಿ ಕೂತವರು ಅವನು ದಾಟದ ಹಾಗೆ ಕಾಲು ಚಾಚಿಕೊಳ್ಳಿ. ಇಬ್ಬರು ಎದ್ದು ಅವನ ಮನೆಗೆ ಹೋಗಿ ಕೋಳಿಗೂಡು, ಸೌದೆ ಕೊಟ್ಟಿಗೆ, ಅಟ್ಟ ಎಲ್ಲಾ ನೋಡಿ. ಮರಿ ಬೆರಳು ಹಿಡಿದರೆ ಬಿಡುವುದಿಲ್ಲ. ಬಿಡಿಸಿಕೊಳ್ಳಬೇಡಿ, ಹಾಗೇ ಎತ್ತಿಕೊಂಡು ಬನ್ನಿ.

ತಮ್ಮಾ, ರಂಗದ ಮೇಲೆ ಪ್ರತಿ ಸಲವೂ ರಾಜ ನಿನ್ನನ್ನು ಕ್ಷಮಿಸುತ್ತಿದ್ದ, ಜನ ಸಿಳ್ಳೆ ಹೊಡೆಯುತ್ತಿದ್ದರು. ಅದು ಹಿರಿಯರು ಕಟ್ಟಿಕೊಟ್ಟ ಆಟ. ಇದನ್ನು ಕಟ್ಟಿದವನು ನಾನು, ಇದರಲ್ಲಿ ಆ ದೃಶ್ಯವಿಲ್ಲ. ಜೈಲು ಕಾನೂನಿಗೆ ಬಿಟ್ಟದ್ದು. ನನಗೆ ಬೇಕಾದದ್ದು ಈ ಗಳಿಗೆ: ನಿನ್ನ ಮುಖದ ಬಣ್ಣ ಇಳಿಯುವುದನ್ನು ಊರು ನೋಡಬೇಕು.

ನಿನ್ನ ಹೆಂಡತಿ ಮಕ್ಕಳನ್ನು ದೇವರು ಕಾಯಲಿ. ನಿನಗೆ ದೀರ್ಘಾಯುಷ್ಯ ಕೊಡಲಿ. ದಿನವೂ ಈ ಅಂಗಡಿಯ ಮುಂದೆಯೇ ಹಾದುಹೋಗುವಷ್ಟು ದೀರ್ಘ.

ಇಂತಿ ನಿನ್ನ ಅಣ್ಣ,
ಜುಂಬೇರಿ

ತಾ.ಕ.: ಚಿಕ್ಕಮ್ಮಾ, ಇದನ್ನೂ ಗಟ್ಟಿಯಾಗಿಯೇ ಓದಿ. ಗಂಟಿನ ಅರ್ಥವನ್ನು ಅವನು ಕೇಳಿರಲಿಲ್ಲ. ನಕ್ಕು ಮುಂದೆ ನಡೆದಿದ್ದ. ನಾನೇ ತೋಳು ಹಿಡಿದು ನಿಲ್ಲಿಸಿ ಹೇಳಿದೆ. ಮೂವತ್ತು ವರ್ಷ ಚಪ್ಪಾಳೆಯೆಲ್ಲ ಕಳ್ಳನಿಗೇ ಬಿತ್ತು. ಒಂದು ಸಲ ಅವನು ನನ್ನನ್ನು ಕಂಡು ಬೆರಗಾಗಲಿ ಅನ್ನಿಸಿತು. ಆದ. "ಅಬ್ಬಾ ಅಣ್ಣಾ, ಎಂಥಾ ತಲೆ ನಿಂದು!" ಅಂದ. ಅಷ್ಟು ಮಾತಿಗೆ ನಾನು ಗಾಲುಹ್‌ಳನ್ನು ಕೊಟ್ಟುಬಿಟ್ಟೆ.

ನಾಳೆ ಬೆಳಿಗ್ಗೆ ಮೊದಲ ದೋಣಿಯಲ್ಲಿ ಈ ಕಾಗದ ಬರುತ್ತದೆ. ಅದೇ ದೋಣಿಯಲ್ಲಿ ಅರಣ್ಯ ಇಲಾಖೆಯ ಇಬ್ಬರ ಜೊತೆ ನಾನೂ ಬರುತ್ತೇನೆ. ದೋಣಿಯವನು ಕಾಗದ ಹಿಡಿದು ಮೇಲೆ ಬಂದಾಗ ಕೆಳಗೇ ನಿಂತಿರುತ್ತೇನೆ. ಚಿಕ್ಕಮ್ಮ ಈ ಹಾಳೆ ಮಡಿಚುವ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದು, ನಿಮ್ಮೆಲ್ಲರ ಮುಂದೆ ಎರಡು ಹೆಸರು ಹೇಳುತ್ತೇನೆ. ಮೊದಲನೆಯದು ನನ್ನದು.