ಮುಚ್ಚಳದ ತೂತು

ಜನವರಿ 9, ಮಂಗಳವಾರ

ಅಣ್ಣನ ಬೈಕಿನ ಪೆಟ್ರೋಲ್ ಟ್ಯಾಂಕ್ ಇಳಿಸಿದೆ. ಟ್ಯಾಪಿನ ನಟ್ಟು ಜಗ್ಗಲಿಲ್ಲ. ಡೀಸೆಲ್ ಬಿಟ್ಟು ಎರಡು ದಿನ ನೆನೆಸಿದ್ದೆ, ಆದರೂ ಇಲ್ಲ. ಕೊನೆಗೆ ಸುತ್ತಿಗೆ. ಟ್ಯಾಪು ಮುರಿದು ಕೈಗೆ ಬಂತು, ಹಿಂದೆಯೇ ಒಂದು ಲೋಟ ಕಪ್ಪು ಲೋಳೆ. ಇಪ್ಪತ್ತೈದು ವರ್ಷದ ಪೆಟ್ರೋಲು. ಪೆಟ್ರೋಲಿನ ವಾಸನೆಯೇ ಇಲ್ಲ, ಹಳೇ ವಾರ್ನಿಶ್ ಥರ. ಕೈ ತೊಳೆದಷ್ಟೂ ಹೋಗುತ್ತಿಲ್ಲ.

ಸಂಜೆ ದಾಮು ಮಾಷ್ ಬಂದರು. ಮೇಷ್ಟ್ರ ಕೆಲಸ ಬಿಟ್ಟು ಹದಿನೆಂಟು ವರ್ಷ, ಇನ್ನೂ ಮಾಷೇ. ನಮ್ಮ ಊರು ಕೊಳವಯಲಿನಲ್ಲಿ ಪಕ್ಷ ಎಂದರೆ ಅವರು.

"ಏನು ಮನೋಹರಾ, ಉಸಿರಾಡ್ತದಾ ನಿಮ್ಮಣ್ಣನ ಕುದುರೆ?"

"ಹೊಟ್ಟೆಯೆಲ್ಲ ತುಕ್ಕು, ಮಾಷೇ. ಎಂಜಿನ್ ಗಟ್ಟಿಯಿದೆ. ಪೆಟ್ರೋಲ್ ಹೋಗೋ ದಾರಿ ಪೂರ್ತಿ ಹೊಸದಾಗಿ ಮಾಡ್ಬೇಕು."

"ಮಾಡು. ಫೆಬ್ರವರಿ ಇಪ್ಪತ್ತೆರಡಕ್ಕೆ ಮೆರವಣಿಗೆಯ ಮುಂದೆ ಇದೇ ಯೆಜ್ಡಿ, ಮೇಲೆ ನೀನು. ಹುತಾತ್ಮನ ತಮ್ಮ. ಜನ ಅತ್ತುಬಿಡ್ಬೇಕು."

ಅಣ್ಣ ಪ್ರಭೇಟ್ಟನನ್ನು ಎದುರು ಪಕ್ಷದವರು ಕ್ವಾರಿ ತಿರುವಿನಲ್ಲಿ ಕಡಿದು ಫೆಬ್ರವರಿ 22ಕ್ಕೆ ಸರಿಯಾಗಿ ಇಪ್ಪತ್ತೈದು ವರ್ಷ. ಗಾಡಿ ಒಂಬತ್ತು ವರ್ಷ ಸ್ಟೇಷನ್ನಿನ ಅಂಗಳದಲ್ಲಿ ಬಿಸಿಲು ಕಾಯಿತು, ಆಮೇಲೆ ನಮ್ಮ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ. ನಾನು ಮುಟ್ಟಿರಲಿಲ್ಲ. ಮುಟ್ಟಿದರೆ ಯಾರಿಗಾದರೂ ಹೊಡೆಯಬೇಕು ಎನ್ನಿಸುತ್ತಿತ್ತು.

ಜನವರಿ 13

ಕಾರ್ಬುರೇಟರ್ ಬಿಚ್ಚಿದೆ. ಒಳಗೆ ಹಸಿರು ಹಕ್ಕಳೆ. ಪೆಟ್ರೋಲು ಚಿಮ್ಮುವ ಜೆಟ್ಟಿನ ಕಣ್ಣು ಪೂರಾ ಕುರುಡು. ತಾಮ್ರದ ಒಂದೆಳೆ ತಂತಿಯಿಂದ ಬಿಡಿಸಿದೆ, ಮೂರು ಗಂಟೆ. ಉಕ್ಕಿನ ತಂತಿ ಹಾಕಕೂಡದು, ಕಣ್ಣು ದೊಡ್ಡದಾಗುತ್ತದೆ. ಮೆಕ್ಯಾನಿಕ್ ಗೋವಿಂದೇಟ್ಟ ಕಲಿಸಿದ್ದು. ಒಮ್ಮೆ ಹಾಕಿದ್ದಕ್ಕೆ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೇ ಹೊಡೆದಿದ್ದ. ಆ ಗಂಟು ಈಗಲೂ ಇದೆ.

ಗುರು ಅವನೇ. ನಾನು ಹನ್ನೊಂದು ವರ್ಷ ಜೈಲು ಮುಗಿಸಿ ಬಂದಾಗ ಯಾರೂ ಕೆಲಸ ಕೊಡಲಿಲ್ಲ, ಅವನು ಪೇಟೆಯ ತನ್ನ ಶೆಡ್ಡಿನಲ್ಲಿ ಅರ್ಧ ಬಿಟ್ಟುಕೊಟ್ಟ. ಈಗ ಎಪ್ಪತ್ತನಾಲ್ಕು, ಕೈ ನಡುಗುತ್ತದೆ. ಈ ಗಾಡಿಯ ಕೆಲಸಕ್ಕೆ ಮಾತ್ರ ಬರಲೊಲ್ಲ. ಕಣ್ಣು ಕಾಣಿಸುವುದಿಲ್ಲ ಎನ್ನುತ್ತಾನೆ.

ಜನವರಿ 19

ಟ್ಯಾಂಕಿಗೆ ಎರಡು ಹಿಡಿ ನಟ್ಟು ಬೋಲ್ಟು, ಒಂದು ಹಿಡಿ ಜಲ್ಲಿ, ವಿನಿಗರ್. ಅಲ್ಲಾಡಿಸಿ ಅಲ್ಲಾಡಿಸಿ ಭುಜ ಬಿದ್ದುಹೋಯಿತು. ಕೆಂಪು ನೀರು ಸುರಿಯುತ್ತಲೇ ಇತ್ತು, ಅಂಗಳದಲ್ಲಿ ಕುರಿ ಕಡಿದ ಹಾಗೆ. ಅಮ್ಮ ಬಾಗಿಲಿಂದ ನೋಡಿ ಒಳಗೆ ಹೋದರು.

ಸೋಡಾ ನೀರಲ್ಲಿ ತೊಳೆದೆ. ಹೊಸ ಟ್ಯಾಪು, ಹೊಸ ಪೈಪು. ಕಾರ್ಬುರೇಟರಿನ ಫ್ಲೋಟು ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ, ತೂತಿಗೆ ಬೆಸುಗೆ ಹಾಕಿದೆ. ಟ್ಯಾಂಕಿನ ಮುಚ್ಚಳದ ಮೇಲ್ಮೈ ಉಜ್ಜಿ ಹೊಳಪು ಬರಿಸಿದೆ. ಫೋಟೋದಲ್ಲಿ ಹೊಳೆಯಬೇಕಂತೆ, ಮಾಷ್ ಅಪ್ಪಣೆ.

ಜನವರಿ 28, ಭಾನುವಾರ

ಹತ್ತಿಕೊಂಡಿತು!

ಟ್ಯಾಂಕ್ ಕೂರಿಸುವ ಮೊದಲು ಬಾಟಲಿಯಲ್ಲಿ ಪೆಟ್ರೋಲು ಆಯಿಲು ಬೆರೆಸಿ ಹ್ಯಾಂಡಲಿಗೆ ನೇತುಹಾಕಿ ಒದ್ದೆ. ಹತ್ತೊಂಬತ್ತನೇ ಒದೆತಕ್ಕೆ… ಅಂಗಳ ತುಂಬ ಹೊಗೆ. ಅದೇ ಸದ್ದು. ಅಮ್ಮ ಓಡಿಬಂದರು.

"ಆ ದರಿದ್ರ ಸದ್ದು ನಿಲ್ಸೋ!"

ನಿಲ್ಲಿಸಲು ಕೈ ಚಾಚಿದೆ. ಅಮ್ಮನೇ ತಡೆದರು.

"ನಿಲ್ಲಿಸ್ಬೇಡ. ಇನ್ನೊಂಚೂರು ಇರ್ಲಿ."

ಜನವರಿ 29

ಗಾಡಿಯನ್ನು ಟೆಂಪೋದಲ್ಲಿ ಪೇಟೆಯ ಶೆಡ್ಡಿಗೆ ಒಯ್ದು, ಟ್ಯಾಂಕ್ ಕೂರಿಸಿ, ಗಂಟಲ ತನಕ ತುಂಬಿಸಿ, ಅಲ್ಲಿಂದ ಮನೆ ಕಡೆಗೆ ಹೊರಟೆ. ಬೆಣ್ಣೆಯ ಹಾಗೆ ಓಡಿತು. ನಾಲ್ಕು ಕಿಲೋಮೀಟರ್. ಕ್ವಾರಿ ತಿರುವಿನ ಏರಿನಲ್ಲಿ ಕೆಮ್ಮಿತು. ನಿಂತಿತು.

ಒದ್ದೆ, ಒದ್ದೆ. ಇಲ್ಲ. ಬೆವರು. ಆ ಜಾಗದಲ್ಲಿ ನಿಲ್ಲುವುದೇ ನನಗಾಗುವುದಿಲ್ಲ. ಟ್ಯಾಪಿನ ಪೈಪು ಕಿತ್ತರೆ ಪೆಟ್ರೋಲು ತೊಟ್ಟೂ ಇಳಿಯುತ್ತಿಲ್ಲ. ಟ್ಯಾಂಕ್ ತುಂಬಿದೆ. ಮುಚ್ಚಳ ತಿರುಗಿಸಿದೆ — ಸುಸ್ಸ್! ಗಾಳಿಯನ್ನು ಒಳಕ್ಕೆ ಎಳೆದುಕೊಂಡಿತು. ಕೂಡಲೇ ಪೈಪಿನಿಂದ ಧಾರೆ.

ಮುಚ್ಚಳದಲ್ಲಿ ಗಾಳಿಗೊಂದು ತೂತು ಇರುತ್ತದೆ. ಸೂಜಿಯಷ್ಟು. ಅದು ಮುಚ್ಚಿದರೆ ಇಳಿದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರದೆ ಟ್ಯಾಂಕ್ ಉಸಿರು ಹಿಡಿಯುತ್ತದೆ. ಮೂರ್ನಾಲ್ಕು ಕಿಲೋಮೀಟರ್ ಓಡಿ ಸಾಯುತ್ತದೆ. ಟ್ಯಾಂಕ್ ತುಂಬಿದ್ದಷ್ಟೂ ಬೇಗ.

ತುಕ್ಕಿರಬೇಕು ಎಂದುಕೊಂಡು ಅಲ್ಲೇ ಕೂತು ಮುಚ್ಚಳದ ಒಳತಗಡು ಎಬ್ಬಿಸಿದೆ.

ತುಕ್ಕಲ್ಲ. ಎಂ-ಸೀಲ್ ಅಂಟು. ಕಲ್ಲಾಗಿದೆ. ತಗಡಿನ ಅಂಚಿನಲ್ಲಿ ಇಕ್ಕಳದ ಹಲ್ಲಿನ ಗುರುತು. ಯಾರೋ ತೆಗೆದು, ತುಂಬಿ, ಮತ್ತೆ ಕೂರಿಸಿದ್ದಾರೆ.

ಅಂದು ಪ್ರಭೇಟ್ಟ ಇದೇ ತಿರುವಿನಲ್ಲಿ ಗಾಡಿ ನಿಂತು ಒದೆಯುತ್ತಿದ್ದನಂತೆ, ಆಗ ಕಡಿದವರ ಜೀಪು ಬಂತಂತೆ. ಪೊಲೀಸರ ಮಹಜರಿನಲ್ಲಿ 'ಟ್ಯಾಂಕ್ ಭರ್ತಿ' ಎಂದಿತ್ತು. ಭಯಕ್ಕೆ ಒದ್ದು ಒದ್ದು ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೋಯಿಸಿಕೊಂಡಿರುತ್ತಾನೆ ಎಂದೆವು. ಭಯವಂತೆ, ಅವನಿಗೆ.

ಆ ಬೆಳಿಗ್ಗೆ ಸರ್ವಿಸಿಗೆ ಕೊಟ್ಟಿದ್ದ, ಗೋವಿಂದೇಟ್ಟನ ಶೆಡ್ಡಿಗೆ. ಟ್ಯಾಂಕ್ ತುಂಬಿಸಿದ್ದೂ ಸರ್ವಿಸಿನವನೇ. ಊರ ಹಬ್ಬದ ಉಡುಗೊರೆ ಎಂದು.

ಫೆಬ್ರವರಿ 3

ನಾಲ್ಕು ದಿನ ಬರೆಯಲಿಲ್ಲ. ಕುಡಿದೆ.

ಇಂದು ಹನ್ನೊಂದು ಗಂಟೆಗೆ ಶೆಡ್ಡಿಗೆ ಹೋದೆ. ಗೋವಿಂದೇಟ್ಟ ಹಾಲಿಲ್ಲದ ಕಟ್ಟಂಚಾಯ ಕುಡಿಯುತ್ತಿದ್ದ. ಮುಚ್ಚಳವನ್ನು ಮೇಜಿನ ಮೇಲೆ ಅಂಗಾತ ಇಟ್ಟೆ. ಕಣ್ಣು ಕಾಣಿಸದವನು, ಅದೇನು ಎಂದೂ ಕೇಳಲಿಲ್ಲ. ಗ್ಲಾಸು ಕೆಳಗಿಟ್ಟ.

"ಬಾಗಿಲು ಹಾಕು ಮೋನೇ" ಎಂದ, ಮಗನನ್ನು ಕರೆಯುವ ಹಾಗೆ.

ಹಾಕಿದೆ. ಆಮೇಲೆ ಹೊಡೆದೆ. ಮೊದಲು ಕೈಯಲ್ಲಿ. ಬಿದ್ದ. ಎತ್ತಿ ನಿಲ್ಲಿಸಿ ಮತ್ತೆ. ಪಾರ್ಟು ತೊಳೆಯುವ ಟ್ರೇಗೆ ಮುಖ ಒತ್ತಿ ಹಿಡಿದೆ, ಕೊಳಕು ಪೆಟ್ರೋಲಿಗೆ. ಕಾಲು ಬಡಿದುಕೊಂಡ. ಬಿಟ್ಟೆ. ಒಂದು ಹಲ್ಲು ಟ್ರೇಯಲ್ಲಿ ಉಳಿಯಿತು. ಸೈಕಲ್ ಚೈನ್ ಕೈಗೆ ಸಿಕ್ಕಿತ್ತು… ಮಾತಾಡದಿದ್ದರೆ ಇಂದು ಹೆಣ.

"ದಾಮು ಬಂದಿದ್ದ" ಎಂದ, ವಾಂತಿ ಮಾಡಿಕೊಳ್ಳುತ್ತ. "ಕ್ವಾರಿ ಹತ್ರ ಗಾಡಿ ನಿಲ್ಬೇಕು, ಅಷ್ಟೇ, ನಮ್ಮವರು ಅವನ ಜೊತೆ ಮಾತಾಡ್ಬೇಕು ಅಂದ. ಮಾತಾಡೋಕೆ ಅಂತ ನಂಬಿದೆ ಕಣೋ."

"ಮಾತಾಡೋಕೆ ಗಾಡಿ ಯಾಕೆ ನಿಲ್ಲಿಸ್ಬೇಕು? ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು" ಎಂದ.

ಉಳಿದದ್ದೂ ಅವನೇ ಹೇಳಿದ. ಸೆಲ್ವಿ ಎಂಬ ಗುಜರಿ ಆಯುವ ಹುಡುಗಿಗೆ 1999ರ ಜನವರಿಯಲ್ಲಿ ಗೋಡಂಬಿ ತೋಟದಲ್ಲಿ ಸ್ಟೀಲ್ ಡಬ್ಬಿ ಸಿಕ್ಕಿತ್ತು. ಬಾಂಬು. ಎರಡೂ ಕೈ ಹೋದವು. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಪ್ರಭೇಟ್ಟ. ಡಬ್ಬಿ ಇಡಿಸಿದ್ದು ದಾಮು ಮಾಷ್ ಎಂದು ಜಡ್ಜಿನ ಮುಂದೆ ಹೇಳಲು ಹೊರಟಿದ್ದನಂತೆ, ಫೆಬ್ರವರಿ 23ಕ್ಕೇ. ನನಗೆ ಒಂದು ಮಾತೂ ಹೇಳಿರಲಿಲ್ಲ. ನಾನು ಮಾಷ್ ಕಡೆಯ ಮನುಷ್ಯ ಅಂತ.

ಫೆಬ್ರವರಿ 4

ಸುಗುಣನ ವಿಷಯ ಎಲ್ಲೂ ಬರೆದಿಲ್ಲ. ಜೈಲಿಗೆ ಹೋದದ್ದು ಅದಕ್ಕೇ, ಅಲ್ಲೂ ಇಲ್ಲ. ಇಂದು ಬರೆಯುತ್ತೇನೆ.

ಎದುರು ಪಕ್ಷದ ದರ್ಜಿ. ಅಣ್ಣನನ್ನು ಕಡಿದವರ ಪಟ್ಟಿಯಲ್ಲಿ ಅವನ ಹೆಸರು ಕೊಟ್ಟವರು ದಾಮು ಮಾಷ್. "ನಿಮ್ಮಣ್ಣನಿಗೆ ಮೊದಲ ಏಟು ಹಾಕಿದವನು" ಎಂದರು. 1999ರ ಏಪ್ರಿಲ್ 3, ಸಂಜೆ ಐದೂ ನಲವತ್ತು. ಬಸ್ ಸ್ಟಾಪು. ನಾವು ಐವರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದ. ಓಡಲಿಲ್ಲ. "ನಾವಲ್ಲ ಮನೋಹರಾ, ನಿಮ್ಮವರನ್ನೇ ಕೇಳು" ಎಂದ. ಜೀವ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಮೊದಲ ಏಟು ಆ ಬಾಯಿಗೇ ಹಾಕಿದೆ. ಆಮೇಲೆ ಹತ್ತು. ಎಣಿಸಿದ್ದು ನಾನಲ್ಲ, ಡಾಕ್ಟರು. ಬಸ್ಸಿನಲ್ಲಿದ್ದವರು ಕಿಟಕಿ ಎಳೆದುಕೊಂಡರು. ಅವನ ರಕ್ತ ನಾನು ಉಟ್ಟ ಮುಂಡಿನ ಮೇಲೆ ಬಿಸಿಯಾಗಿತ್ತು. ನನಗೆ… ಸಂತೋಷವಾಗಿತ್ತು. ಬರೆದೆ.

ಅವನು ನಿಜ ಹೇಳಿದ್ದ.

ಫೆಬ್ರವರಿ 11

ಅಮ್ಮನಿಗೆ ಹೇಳಿಬಿಟ್ಟೆ. ಭೂತಾಯಿ ಮೀನು ಹೆಚ್ಚುತ್ತಿದ್ದರು. ಕೈ ನಿಲ್ಲಲಿಲ್ಲ.

"ಇನ್ಯಾರಿಗೆ ಹೇಳಿದ್ದೀಯಾ?"

"ಯಾರಿಗೂ ಇಲ್ಲ."

"ಹೇಳ್ಬೇಡ."

"ಅಮ್ಮಾ, ನಮ್ಮವರೇ ಕೊಂದದ್ದು—"

"ಕೇಳಿಸ್ತು. ಕಿವುಡಿ ಅಲ್ಲ ನಾನು." ಮೀನಿನ ತಲೆಯೊಂದನ್ನು ಕಡಿದು ಪಾತ್ರೆಗೆ ಬಿಸಾಕಿದರು. "ಇಪ್ಪತ್ತೈದು ವರ್ಷ ಹುತಾತ್ಮನ ತಾಯಿ ನಾನು. ಸ್ಟೇಜಿನ ಮೇಲೆ ಕುರ್ಚಿ. ದೊಡ್ಡ ದೊಡ್ಡವರು ಬಂದು ಕಾಲು ಮುಟ್ತಾರೆ. ನಾಳೆಯಿಂದ ನನ್ನನ್ನ ಏನು ಮಾಡ್ತೀಯಾ? ಒಬ್ಬ ಮಗ ದ್ರೋಹಿ, ಇನ್ನೊಬ್ಬ ಮಗ ಸುಮ್ಮಸುಮ್ಮನೆ ಕಡಿದವನು. ಅವರ ತಾಯಿ. ಅದಕ್ಕೆ ಯಾರು ಹಾಕ್ತಾರೆ ಕುರ್ಚಿ?"

ಕತ್ತಿ ಎತ್ತಿ ನನ್ನ ಕಡೆ ಎಸೆದರು. ಬಾಗಿಲಿಗೆ ನಾಟಿತು. ಗುರಿ ತಪ್ಪಿದ್ದಕ್ಕೆ ಅತ್ತರೋ, ಬೇರೆ ಯಾತಕ್ಕೋ ಗೊತ್ತಿಲ್ಲ.

ಫೆಬ್ರವರಿ 17

ಸುಗುಣನ ಹೆಂಡತಿ ವನಜಾ ಗಂಡನ ಅಂಗಡಿಯನ್ನೇ ನಡೆಸುತ್ತಾಳೆ. ಮಧ್ಯಾಹ್ನ ಹೋದೆ. ಇಸ್ತ್ರಿ ಹಾಕುತ್ತಿದ್ದಳು. ಗುರುತಿಸಿದಳು. ಮರೆಯುವ ಮುಖವೇ ಇದು?

ನಿಂತೇ ಹೇಳಿದೆ. ಮುಚ್ಚಳ, ಎಂ-ಸೀಲ್, ಮಾಷ್, ಎಲ್ಲ. ಕೊನೆಗೆ, "ನಿನ್ನ ಗಂಡ ಏನೂ ಮಾಡಿರ್ಲಿಲ್ಲ" ಎಂದೆ.

"ಅದನ್ನ ನನಗೆ ಹೇಳೋಕೆ ಬಂದ್ಯಾ?" ಎಂದಳು. "ನನಗೆ?"

ಇಸ್ತ್ರಿಪೆಟ್ಟಿಗೆ ನನ್ನ ಎಡಭುಜಕ್ಕೆ ಬಡಿಯಿತು. ಅಂಗಿ ಸುಟ್ಟು ಚರ್ಮಕ್ಕೆ ಅಂಟಿತು. ಎರಡನೇ ಸಲ ಎತ್ತಿದಳು, ನಾನು ಅಲ್ಲಾಡಲಿಲ್ಲ. ಅವಳು ಇಳಿಸಿದಳು.

"ಹೊಡೆದ್ರೆ ನಿಂಗೆ ಹಗುರಾಗತ್ತೆ ಅಂತ ಬಂದಿದ್ದೀಯಾ. ಕೊಡಲ್ಲ. ನನ್ನ ಅಂಗಡಿಯಲ್ಲಿ ಪಿಸುಗುಟ್ಟಬೇಡ. ಅವರನ್ನ ಕಡಿದದ್ದು ಬಸ್ ಸ್ಟಾಪಿನಲ್ಲಿ, ಊರೆಲ್ಲ ನೋಡ್ತಾ ಇತ್ತು. ಅಲ್ಲೇ ಹೇಳು. ಊರೆಲ್ಲ ಇರುವಾಗ ಹೇಳು."

ಮೆರವಣಿಗೆ ಬಸ್ ಸ್ಟಾಪಿನ ಮುಂದೆಯೇ ಹೋಗುವುದು.

ಫೆಬ್ರವರಿ 20

ದಾಮು ಮಾಷ್ ಒಬ್ಬರೇ ಬಂದರು. ಗೋವಿಂದೇಟ್ಟನ ಹಲ್ಲಿನ ಸುದ್ದಿ ಮುಟ್ಟಿದೆ. ನನ್ನ ಭುಜದ ಸುಟ್ಟಗಾಯ ನೋಡಿದರು. ಅಮ್ಮ ಕೊಟ್ಟ ಚಹಾ ಕುಡಿಯುತ್ತ ಕೂತರು.

"ಗಾಡಿ ನಿಲ್ಲದೆ ಓಡ್ತದಲ್ಲಾ, ಮನೋಹರಾ?"

"ಓಡ್ತದೆ. ನಿಲ್ಲಿಸೋಕೆ ಏನು ಮಾಡಿದ್ರು ಅಂತ ಗೊತ್ತಾಯ್ತು, ತೆಗೆದೆ."

ನಕ್ಕರು. ಪಾಠ ಹೇಳುವಾಗಿನ ಅದೇ ನಗು. "ನೋಡು, ಸ್ಟೇಜಿನಲ್ಲಿ ಪ್ರಭಾಕರನ ಫೋಟೋ ಇಟ್ಟಿದ್ದೇವೆ. ಪಕ್ಕದಲ್ಲಿ ಜಾಗ ಇದೆ. ಇನ್ನೊಂದು ಫೋಟೋ ಇಡೋದು ಏನೂ ಕಷ್ಟ ಅಲ್ಲ. ಅಣ್ಣ ತಮ್ಮ ಜೊತೆಗೇ ಇದ್ರೆ ಅಮ್ಮನಿಗೂ ಸಮಾಧಾನ."

ಅಮ್ಮ ಕೇಳಿಸಿಕೊಂಡರು. ಮಾಷ್ ಕೈಯಿಂದ ಗ್ಲಾಸು ಕಸಿದು, ಉಳಿದ ಚಹಾವನ್ನು ಅಂಗಳಕ್ಕೆ ಚೆಲ್ಲಿದರು.

ಫೆಬ್ರವರಿ 22, ಬೆಳಿಗ್ಗೆ 8

ಟ್ಯಾಪು ಸೋರುತ್ತಿಲ್ಲ. ಪ್ಲಗ್ ಒಣಗಿದೆ. ಒಂದೇ ಒದೆತಕ್ಕೆ ಹತ್ತಿತು. ಟ್ಯಾಂಕಿಗೆ ಬೇರೆ ಮುಚ್ಚಳ, ಹಳೇದು ಎಂ-ಸೀಲ್ ಸಹಿತ ಕಿಸೆಯಲ್ಲಿ. ಹೋಗುತ್ತೇನೆ.

ಫೆಬ್ರವರಿ 29, ಆಸ್ಪತ್ರೆ

ಎಡಗೈಯಲ್ಲಿ ಬರವಣಿಗೆ. ಕೋಳಿ ಕಾಲು.

ಬಸ್ ಸ್ಟಾಪಿನಲ್ಲಿ ಗಾಡಿ ಅಡ್ಡ ನಿಲ್ಲಿಸಿದೆ. ಹಿಂದಿನ ಜೀಪಿನ ಮೈಕ್ ಕಸಿದೆ. ಹಳೇ ಮುಚ್ಚಳ ಎತ್ತಿ ತೋರಿಸಿದೆ. ಏಳೆಂಟು ವಾಕ್ಯ ಆಗಿರಬೇಕು. ಗಾಡಿ ಯಾರು ನಿಲ್ಲಿಸಿದ್ದು, ಯಾಕೆ. ಸುಗುಣನ ಹೆಸರು ಎರಡು ಸಲ ಹೇಳಿದೆ, ಅದು ಚೆನ್ನಾಗಿ ನೆನಪಿದೆ. ಮೂರನೇ ಸಲಕ್ಕೆ ನಮ್ಮವರೇ ಮೈಕಿನ ವೈರು ಕಿತ್ತರು. ಕಬ್ಬಿಣದ ಪೈಪು, ಆಮೇಲೆ ಕತ್ತಿ. ತಲೆಗೆ ಬಂದದ್ದಕ್ಕೆ ಬಲಗೈ ಅಡ್ಡ ಹಿಡಿದೆ. ಮಣಿಕಟ್ಟಿನಿಂದ ಕೆಳಗೆ ಇಲ್ಲ. ಗಾಡಿಗೆ ಬೆಂಕಿ ಹಚ್ಚಿದರಂತೆ. ಟ್ಯಾಂಕ್ ತುಂಬಿತ್ತು. ಇಬ್ಬರಿಗೆ ಅವರದೇ ಬೆಂಕಿ ತಾಗಿತು.

ಈ ಸಲ ಬಸ್ಸಿನಿಂದ ಜನ ಇಳಿದರಂತೆ. ಅದಕ್ಕೇ ಬದುಕಿದ್ದೇನೆ.

ಗೋವಿಂದೇಟ್ಟ ಸೋಮವಾರ ತಾನೇ ನಡೆದುಕೊಂಡು ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ. ದಾಮು ಮಾಷ್ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದಾರೆ. ಎದೆನೋವಂತೆ. ಬಾಗಿಲಲ್ಲಿ ಪೊಲೀಸು.

ಮಾರ್ಚ್ 1

ಅಮ್ಮ ಮೊದಲ ಸಲ ಬಂದರು. ಡಬ್ಬಿಯಲ್ಲಿ ಗಂಜಿ. ಮೆರವಣಿಗೆಯ ದಿನ ಸ್ಟೇಜಿನಿಂದ ಇಳಿದು ಮೂರು ಕಿಲೋಮೀಟರ್ ಒಬ್ಬರೇ ನಡೆದು ಮನೆಗೆ ಹೋದರಂತೆ. ಯಾರೂ ಜೊತೆಗೆ ಬರಲಿಲ್ಲ.

"ಬಾಯಿ ತೆಗಿ" ಎಂದರು. "ಬಾಯಿ ತೆಗೆಯೋದು ನಿಂಗೆ ಹೇಳಿಕೊಡ್ಬೇಕಾ ಇನ್ನು?"

ಪೂರ್ತಿ ತಿನ್ನಿಸಿದರು. ಬಾಯಿ ಒರೆಸುವಾಗ ಕೆನ್ನೆಗೆ ಒಂದು ಬಿಟ್ಟರು, ಜೋರಾಗಿಯೇ. ಹೋಗುವಾಗ ಬಾಗಿಲ ಆಚೆ ವನಜಾ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬರಲಿಲ್ಲ. ಅಮ್ಮ ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತರು.

ಮಾರ್ಚ್ 2, ಬೆಳಿಗ್ಗೆ 10

ನನ್ನ ಹೇಳಿಕೆ ಬರೆದುಕೊಳ್ಳಲು ಮ್ಯಾಜಿಸ್ಟ್ರೇಟರು ಹನ್ನೊಂದಕ್ಕೆ ಬರುತ್ತಾರೆ. ಎಲ್ಲಿಂದ ಶುರು ಎಂದು ಕೇಳುತ್ತಾರಂತೆ. ಅಣ್ಣನಿಂದ ಶುರು ಮಾಡಿ ಎಂದು ವಕೀಲರು. ಅಣ್ಣನಿಂದ ಅಲ್ಲ. ತಪ್ಪಬಾರದು ಎಂದು ಬರೆದು ನೋಡುತ್ತಿದ್ದೇನೆ —

1999ರ ಏಪ್ರಿಲ್ 3ನೇ ತಾರೀಕು, ಸಂಜೆ ಐದೂ ನಲವತ್ತಕ್ಕೆ, ಕೊಳವಯಲ್ ಬಸ್ ಸ್ಟಾಪಿನಲ್ಲಿ, ಸುಗುಣನ್ ಎಂಬ ಹೆಸರಿನ, ಮೂವತ್ತೊಂದು ವರ್ಷದ, ನನಗೆ ಯಾವ ಅನ್ಯಾಯವನ್ನೂ ಮಾಡದ ದರ್ಜಿಯನ್ನು ನಾನು